ಮೂವತ್ತೊಂದು ಮನೆ

ನನ್ನ ಚೀಟಿಯಲ್ಲಿ ಮೂವತ್ತೊಂದು ಮನೆ.
ಮೂವತ್ತು ಅವರವು, ಒಂದು ನನ್ನದು.
ತಿಂಗಳ ಕೊನೆಗೆ ಮೂವತ್ತನ್ನು ಎಣಿಸಿ ಕೊಟ್ಟು
ಒಂದನ್ನು ಜೇಬಿಗಿಳಿಸುತ್ತೇನೆ.
ಇದೇ ಕಸುಬು, ಎಲ್ಮಿನಾದ ದಂಡೆಯಲ್ಲಿ
ಇಪ್ಪತ್ತಾರು ವರ್ಷದಿಂದ, ಒಂದೇ ಸೈಕಲ್ಲಿನ ಮೇಲೆ.
ಇಲ್ಲಿ ಇದಕ್ಕೆ ಸುಸು ಅನ್ನುತ್ತಾರೆ.
ಹೆಸರೇ ಪಿಸುಗುಟ್ಟಿದ ಹಾಗಿದೆ,
ಗಂಡನಿಗೆ ಕೇಳಿಸದಂತೆ, ನಾದಿನಿಗೆ ಕೇಳಿಸದಂತೆ.

ಮೆನ್ಸಿಮಾ ಮೀನು ಹೊಗೆಗಿಡುವವಳು.
ಒಲೆಯ ಮುಂದೆ ಕಣ್ಣು ಕಿರಿದು ಮಾಡಿ, ತಲೆಯೆತ್ತದೆ,
ಸೊಂಟದ ಗಂಟು ಬಿಚ್ಚಿ
ಮೀನು ನಾತದ ಒಂದು ನೋಟು ಚಾಚುತ್ತಾಳೆ.
ಮೊದಲ ದಿನ ಕೇಳಿದ್ದೆ, ಯಾತಕ್ಕೆ ಎಂದು.
ಎಲ್ಲರನ್ನೂ ಕೇಳುತ್ತೇನೆ.
ಯಾತಕ್ಕೆ ಎಂಬುದಿಲ್ಲದ ದುಡ್ಡು ಹಗ್ಗವಿಲ್ಲದ ಮೇಕೆ,
ಸಂಜೆಯೊಳಗೆ ಯಾರದೋ ಹಿತ್ತಲಲ್ಲಿ.

"ಮನೆಗೆ" ಅಂದಳು.
ನಕ್ಕೆ. ಈ ಮನೆ ತುಂಬಿ ಆ ಮನೆಯೇ?
ಅವಳು ನಗಲಿಲ್ಲ. ಗುಡ್ಡದ ಕಡೆ ಗದ್ದ ಎತ್ತಿದಳು.
"ಕಡಲು ಹತ್ತಲಾರದ ಕಡೆ. ಎರಡು ಕೋಣೆ.
ನನ್ನ ಮೊಣಕಾಲು ಸೋಲುವುದರೊಳಗೆ."
ಬೆರಳು ಮಡಚಿ ಲೆಕ್ಕ ಹಾಕಿ
ಹದಿನೇಳು ವರ್ಷ ಅಂದಳು,
ನಾಡಿದ್ದು ಸಂತೆ ಅನ್ನುವವರ ಹಾಗೆ.

ಹನಿಗೂಡಿದರೆ ಹಳ್ಳ ಅನ್ನುವವರು
ತಳ ಸೋರುವ ಕೊಡ ಹೊತ್ತವರಲ್ಲ.
ಎರಡು ವರ್ಷ ಕೂಡಿಟ್ಟದ್ದನ್ನು ಬಟ್ಟೆಯಲ್ಲಿ ಸುತ್ತಿ
ತಗಡಿನ ಬೆಲೆ ಕೇಳಲು ಹೋದಳು, ಹೋದ ಹಾಗೇ ಬಂದಳು.
ನೋಟು ಅಷ್ಟೇ ಇದ್ದವು. ಒಳಗಿನ ದುಡ್ಡು ಇಳಿದಿತ್ತು,
ಹೊಗೆಗಿಟ್ಟ ಮೀನಿನಿಂದ ನೀರು ಇಳಿದ ಹಾಗೆ.

ಅಂದಿನಿಂದ ಅವಳು ದುಡ್ಡು ಇಡಲಿಲ್ಲ, ಇಟ್ಟಿಗೆ ಇಟ್ಟಳು.
ಚೀಟಿ ತುಂಬಿದ ದಿನವೇ ಸಿಮೆಂಟಿನ ಇಟ್ಟಿಗೆ,
ಕೆಲವು ತಿಂಗಳು ಹದಿನಾಲ್ಕು,
ಬಲೆ ಬರಿದೇ ಬಂದ ತಿಂಗಳು ಮೂರು.
ಮೂರಾದರೂ ಸರಿ, ತಲೆಮೇಲೆ ಹೊತ್ತು ಗುಡ್ಡ ಹತ್ತಿದಳು.
ಊರು ನಕ್ಕಿತು.
ಇಟ್ಟಿಗೆಗೆ ಹಾವಸೆ ಹತ್ತಿತು, ಸಂದಿಯಲ್ಲಿ ಓತಿ ಮೊಟ್ಟೆಯಿಟ್ಟಿತು.
ದೋಣಿಯ ಇಂಜಿನ್ನು ಕೆಟ್ಟಾಗ ಅಳಿಯ ಬಂದು ನಿಂತ.
"ದುಡ್ಡಿದ್ದರೆ ಕೊಡುತ್ತಿದ್ದೆನಪ್ಪಾ" ಅಂದಳು,
"ಇಟ್ಟಿಗೆ ಬೇಕೇ?"

(ಅವಳ ಇನ್ನೊಂದು ಚೀಟಿಯ ವಿಷಯ ಅವನಿಗೆ ಗೊತ್ತಿಲ್ಲ.
ಜ್ವರಕ್ಕೆ, ಸಾವಿಗೆ ಎಂದು ಚಿಕ್ಕ ನೋಟಿನ ಚೀಟಿ.
ಅದಕ್ಕೆ ಕೈ ಹಾಕಿದ್ದು ಎರಡೇ ಸಲ,
ಎರಡು ಸಲವೂ ಗುಡ್ಡದ ಮೇಲಿನದು ಅಲುಗಲಿಲ್ಲ.)

ಹದಿನೇಳಲ್ಲ, ಇಪ್ಪತ್ತೊಂದು ವರ್ಷ ಹಿಡಿಯಿತು.
ಮೊಣಕಾಲು ಸೋತಿತ್ತು, ಆದರೂ ಹತ್ತಿದಳು,
ಮಧ್ಯೆ ಮೂರು ಕಡೆ ಕೂತು.
ಒಂದು ಕೋಣೆಗೆ ತಗಡು ಬಂದಿದೆ,
ಇನ್ನೊಂದಕ್ಕೆ ಸದ್ಯ ಆಕಾಶ.

ಮೊನ್ನೆ ಮಂಗಳವಾರ. ಕಡಲಿಗೆ ರಜೆ,
ದೋಣಿಗಳೆಲ್ಲ ಮರಳಿನ ಮೇಲೆ ಮಗ್ಗುಲಾಗಿದ್ದವು.
ನಾನು ಎಬೊ, ಮಂಗಳವಾರವೇ ಹುಟ್ಟಿದವನು,
ನನಗೆ ಮಾತ್ರ ರಜೆಯಿಲ್ಲ.
ನೋಟು ಚಾಚಿದವಳು ಬಿಡದೆ ಹಿಡಿದು ಕೇಳಿದಳು,
"ನಿನ್ನ ಚೀಟಿ ಎಲ್ಲಿ?"

ಇನ್ನೂರು ಜನರ ನಾಳೆಯನ್ನು
ಕ್ಯಾರಿಯರಿಗೆ ಕಟ್ಟಿಕೊಂಡು ತಿರುಗಿದ್ದೇನೆ.
ನನ್ನ ಒಂದೊಂದು ಮನೆಯೂ
ಸೈಕಲ್ ಚೈನಿಗೆ, ತಾಳೆ ಹೆಂಡಕ್ಕೆ,
ಯಾರದೋ ಉತ್ತರಕ್ರಿಯೆಯ ಕಪ್ಪು ಅಂಗಿಗೆ ಹೋಯಿತು.
ಸಂಜೆಯಾದರೆ ಈಗ
ಐದು ಯಾವುದು ಹತ್ತು ಯಾವುದು ಕಣ್ಣಿಗೆ ಹತ್ತುವುದಿಲ್ಲ.

ಹೊಸ ಚೀಟಿ ತೆಗೆದೆ. ಹೆಸರು ಬರೆದೆ.
ಯಾತಕ್ಕೆ ಎಂಬಲ್ಲಿ ಪೆನ್ನು ನಿಂತೇ ಇತ್ತು.
ಅವಳು ಮೀನು ಮಗುಚುತ್ತ ಅಂದಳು,
"ಮೇಕೆ ಹುಟ್ಟಲಿ ಮೊದಲು. ಹಗ್ಗ ನಾಳೆ ಹೊಸೆಯೋಣ."

ಮೂವತ್ತು ಸರಿ, ಮೂವತ್ತೊಂದನೆಯದು ಯಾರಿಗೆ,
ನನಗೆ ನಾನೇ ಕೂಲಿ ಕೊಡಲೇ ಅಂದೆ.
ಮಸಿ ಕೈಯನ್ನು ಸೊಂಟಕ್ಕೆ ಒರೆಸಿಕೊಂಡು
ಅಂಗೈ ಚಾಚಿದಳು ಮೆನ್ಸಿಮಾ.
"ತಾ. ಕಾಯುವವಳು ನಾನು."